ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಆ ರಬ್ಬರ್ ಪೈಪ್ ಕಳಚಿ ನೋಡಿ

ಪ್ರಶ್ನೆ: ನಾನು ಹಾಸನದ ಕಡೆಯವನು, ಈಗ ಅಮೆರಿಕದ ಸಿನ್ಸಿನಾಟಿಯಲ್ಲಿದ್ದೇನೆ. ಹೋದ ವರ್ಷ 1966ರ ಫೋರ್ಡ್ ಮಸ್ಟಾಂಗ್ ಕೊಂಡೆ. 289 ವಿ8 ಇಂಜಿನ್, ಆಟೋಮ್ಯಾಟಿಕ್ ಗೇರ್. ಇತ್ತೀಚೆಗೆ ಒಂದರಿಂದ ಎರಡನೇ ಗೇರ್ ತಡವಾಗಿ, ಧಡಕ್ಕನೆ ಬೀಳುತ್ತಿದೆ. ಗೇರ್ ಆಯಿಲ್ ಕಮ್ಮಿ ಆಗುತ್ತಲೇ ಇದೆ, ಆದರೆ ಗ್ಯಾರೇಜ್ ನೆಲದ ಮೇಲೆ ಸೋರಿದ ಗುರುತಿಲ್ಲ. ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ. ಒಬ್ಬ ಮೆಕ್ಯಾನಿಕ್ ಪೂರ್ತಿ ರೀಬಿಲ್ಡ್ ಮಾಡಿಸಿ, ಅಂದರೆ ಗೇರ್‌ಬಾಕ್ಸ್ ಬಿಚ್ಚಿ ಸವೆದ ಭಾಗ ಬದಲಿಸಿ ಮತ್ತೆ ಜೋಡಿಸಿ ಅಂದರು. ಇನ್ನೊಬ್ಬರು ಮಷೀನ್ ಹಾಕಿ ಫ್ಲಶ್ ಮಾಡಿಸಿದರೆ, ಅಂದರೆ ಒತ್ತಡದಿಂದ ಹಳೆ ಆಯಿಲ್ ತೊಳೆದು ತೆಗೆಸಿದರೆ ಸಾಕು ಅಂದರು. ಯಾರ ಮಾತು ಕೇಳಲಿ? ಯಾವ ಆಯಿಲ್ ಹಾಕಬೇಕು? ಮುಂದೆ ಈ ಗೇರ್‌ಬಾಕ್ಸ್ ಕೆಡದ ಹಾಗೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿದ ಮೂರು ತೊಂದರೆಗಳನ್ನು ಒಟ್ಟಿಗೆ ಇಟ್ಟು ನೋಡಿ. ಗೇರ್ ತಡವಾಗಿ ಜೋರಾಗಿ ಬೀಳುತ್ತದೆ. ಆಯಿಲ್ ಕಮ್ಮಿಯಾಗುತ್ತದೆ, ಆದರೆ ನೆಲದ ಮೇಲೆ ಇಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಒಂದೊಂದನ್ನೇ ತೆಗೆದುಕೊಂಡರೆ ಹತ್ತು ಕಾರಣ ಹೇಳಬಹುದು. ಮೂರೂ ಸೇರಿ ಬಂದಾಗ ಮೊದಲ ಅನುಮಾನ ಒಂದೇ ಕಡೆ ಹೋಗಬೇಕು. ಅದು ಗೇರ್‌ಬಾಕ್ಸ್‌ನ ಒಳಗಲ್ಲ, ಹೊರಗೆ. ಗೇರ್‌ಬಾಕ್ಸ್‌ನ ಹಿಂಭಾಗದಲ್ಲಿ ತಿರುಪಿ ಕೂರಿಸಿರುವ ಒಂದು ಸಣ್ಣ ತಗಡಿನ ಡಬ್ಬಿ ಇದೆ, ಅದಕ್ಕೆ ವ್ಯಾಕ್ಯೂಮ್ ಮಾಡ್ಯುಲೇಟರ್ ಅನ್ನುತ್ತಾರೆ. ಪೂರ್ತಿ ರೀಬಿಲ್ಡ್‌ಗೆ ಆಗುವ ಖರ್ಚಿನ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಇದು ಹೇಗೆ ಅಂತ ಅರ್ಥ ಮಾಡಿಕೊಂಡರೆ ಮುಂದಿನ ಎಲ್ಲ ಕೆಲಸವೂ ಸುಲಭ. ನಿಮ್ಮ ಗಾಡಿಯಲ್ಲಿರುವುದು ಫೋರ್ಡ್ ಸಿ4. 1964ರ ಮಾಡೆಲ್‌ಗಳ ಜೊತೆ ಬಂದು 1981ರವರೆಗೆ ತಯಾರಾದ ಗೇರ್‌ಬಾಕ್ಸ್ ಇದು. ತಯಾರಾಗಿದ್ದೂ ನಿಮ್ಮ ಊರಿನ ಪಕ್ಕದಲ್ಲೇ, ಓಹಾಯೋದ ಶಾರನ್‌ವಿಲ್ ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ಮೈ, ಮೂರು ಗೇರ್. ಮೊದಲನೆಯದರ ಅನುಪಾತ 2.46, ಎರಡನೆಯದು 1.46, ಮೂರನೆಯದು ನೇರ. ಒಳಗೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಯಾವಾಗ ಗೇರ್ ಬದಲಿಸಬೇಕು ಅಂತ ತೀರ್ಮಾನ ಮಾಡುವುದು ಆಯಿಲ್‌ನ ಒತ್ತಡ ಮಾತ್ರ.

ಆ ಒತ್ತಡಕ್ಕೆ ಎರಡು ಕಡೆಯಿಂದ ಸುದ್ದಿ ಬರುತ್ತದೆ. ಗಾಡಿ ಎಷ್ಟು ವೇಗದಲ್ಲಿದೆ ಅಂತ ಹಿಂದಿನ ಶಾಫ್ಟ್ ಮೇಲಿರುವ ಗವರ್ನರ್ ಹೇಳುತ್ತದೆ. ಇಂಜಿನ್ ಎಷ್ಟು ಕಷ್ಟಪಡುತ್ತಿದೆ ಅಂತ ಮಾಡ್ಯುಲೇಟರ್ ಹೇಳುತ್ತದೆ. ಮಾಡ್ಯುಲೇಟರ್ ಒಳಗೆ ಒಂದು ತೆಳು ರಬ್ಬರ್ ಪರದೆ ಇದೆ. ಅದರ ಒಂದು ಬದಿಗೆ ಇಂಟೇಕ್ ಮ್ಯಾನಿಫೋಲ್ಡ್‌ನಿಂದ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಿಂದ, ಬರುವ ವ್ಯಾಕ್ಯೂಮ್ (ಗಾಳಿಯ ಎಳೆತ) ಪೈಪ್ ಸೇರಿರುತ್ತದೆ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದರೆ ವ್ಯಾಕ್ಯೂಮ್ ಜಾಸ್ತಿ, ಪರದೆ ಎಳೆದುಕೊಳ್ಳುತ್ತದೆ, ಆಯಿಲ್ ಒತ್ತಡ ತಗ್ಗುತ್ತದೆ, ಗೇರ್ ಬೇಗ ಮೆತ್ತಗೆ ಬೀಳುತ್ತದೆ. ಕಾಲು ಒತ್ತಿದರೆ ವ್ಯಾಕ್ಯೂಮ್ ಬಿದ್ದುಹೋಗುತ್ತದೆ, ಒತ್ತಡ ಏರುತ್ತದೆ, ಗೇರ್ ತಡವಾಗಿ ಗಟ್ಟಿಯಾಗಿ ಬೀಳುತ್ತದೆ.

ಈಗ ಆ ಪರದೆ ಹರಿದರೆ ಏನಾಗುತ್ತದೆ ನೋಡಿ. ವ್ಯಾಕ್ಯೂಮ್ ಕೆಲಸ ಮಾಡುವುದಿಲ್ಲ. ನೀವು ಸದಾ ಆಕ್ಸಿಲರೇಟರ್ ಒತ್ತಿ ಹಿಡಿದಿದ್ದೀರಿ ಅಂತಲೇ ಗೇರ್‌ಬಾಕ್ಸ್ ತಿಳಿದುಕೊಳ್ಳುತ್ತದೆ. ಅದಕ್ಕೇ ತಡ, ಅದಕ್ಕೇ ಧಡಕ್. ಜೊತೆಗೆ ಹರಿದ ಜಾಗದಿಂದ ಇಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಅದಕ್ಕೇ ಬಿಳಿ ಹೊಗೆ, ಅದಕ್ಕೇ ನೆಲದ ಮೇಲೆ ಒಂದು ಹನಿಯೂ ಇಲ್ಲ.

ಪರೀಕ್ಷೆ ಬಹಳ ಸರಳ. ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಸೈಲೆನ್ಸರ್ ತಣ್ಣಗಾಗಿರಲಿ. ಮಾಡ್ಯುಲೇಟರ್‌ಗೆ ಸಿಕ್ಕಿಸಿರುವ ರಬ್ಬರ್ ಪೈಪ್ ಕಳಚಿ. ಪೈಪ್ ಒಳಗೆ ಕೆಂಪು ಆಯಿಲ್ ಕಂಡರೆ ಮುಗಿಯಿತು, ಪರದೆ ಹರಿದಿದೆ, ಮಾಡ್ಯುಲೇಟರ್ ಬದಲಿಸಿ. ಕೆಲವು ಸಲ ಪೆಟ್ರೋಲ್ ವಾಸನೆಯ ಒಂದೆರಡು ತಿಳಿ ಹನಿ ಸಿಗುತ್ತದೆ. ಅದು ಮ್ಯಾನಿಫೋಲ್ಡ್‌ನಿಂದ ಇಳಿದು ಬಂದದ್ದು, ಅದರಿಂದ ಗಾಬರಿ ಬೇಡ. ಒಣಗಿದ್ದರೆ ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪ್ ತಂದು ಸುಮಾರು 18 ಇಂಚು (ವ್ಯಾಕ್ಯೂಮ್ ಅಳೆಯುವುದು ಪಾದರಸದ ಇಂಚಿನಲ್ಲಿ) ಎಳೆದು ನೋಡಿ. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಪರದೆ ಕೆಟ್ಟಿದೆ.

ಪರದೆ ಚೆನ್ನಾಗಿದ್ದರೆ ಪೈಪ್ ಕಡೆ ನೋಡಿ. ಇಂಜಿನ್ ಐಡಲ್‌ನಲ್ಲಿರುವಾಗ ಅದೇ ಪೈಪಿನ ತುದಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಆರೋಗ್ಯವಾಗಿರುವ 289ರಲ್ಲಿ 17ರಿಂದ 20 ಇಂಚು ಬರಬೇಕು. ಮ್ಯಾನಿಫೋಲ್ಡ್ ಹತ್ತಿರ ಸರಿಯಾಗಿ ಬಂದು ಇಲ್ಲಿ ಕಮ್ಮಿ ಬಂದರೆ ನಡುವಿನ ಸ್ಟೀಲ್ ಪೈಪ್ ತೂತಾಗಿದೆ, ಇಲ್ಲವೇ ತುದಿಯ ರಬ್ಬರ್ ಬಿರುಕು ಬಿಟ್ಟಿದೆ. ಸೈಲೆನ್ಸರ್ ಶಾಖಕ್ಕೆ ಆ ರಬ್ಬರ್ ತುಂಡು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಎರಡೂ ಕಡೆ ವ್ಯಾಕ್ಯೂಮ್ ಕಮ್ಮಿ ಇದ್ದರೆ ತೊಂದರೆ ಇಂಜಿನ್‌ನದ್ದು. ಟೈಮಿಂಗ್, ವಾಲ್ವ್, ಕಾರ್ಬ್ಯುರೇಟರ್ ಗ್ಯಾಸ್ಕೆಟ್ ನೋಡಿ. ಇಂಜಿನ್ ಟ್ಯೂನ್ ಸರಿ ಇಲ್ಲದೆ ಸಿ4 ಎಂದೂ ಸರಿಯಾಗಿ ಗೇರ್ ಹಾಕುವುದಿಲ್ಲ.

ಮಾಡ್ಯುಲೇಟರ್ ಬಿಚ್ಚುವಾಗ ಸ್ವಲ್ಪ ಆಯಿಲ್ ಸುರಿಯುತ್ತದೆ, ಕೆಳಗೆ ಟ್ರೇ ಇಡಿ. ಅದರ ಹಿಂದೆ ಒಂದು ಸಣ್ಣ ಸ್ಟೀಲ್ ಕಡ್ಡಿ ಇರುತ್ತದೆ. ಪರದೆಯ ಚಲನೆಯನ್ನು ಒಳಗಿನ ವಾಲ್ವ್‌ಗೆ ತಲುಪಿಸುವುದೇ ಆ ಕಡ್ಡಿ. ಅದು ಜಾರಿ ಟ್ರೇಗೆ ಬೀಳುತ್ತದೆ, ಹಳೆ ಆಯಿಲ್ ಜೊತೆ ಕಸಕ್ಕೆ ಹೋಗುತ್ತದೆ. ಆಮೇಲೆ ಹೊಸ ಮಾಡ್ಯುಲೇಟರ್ ಹಾಕಿದರೂ ಏನೂ ಬದಲಾಗಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಿದ್ದಾರೆ. ಕಡ್ಡಿ ಜೋಪಾನ.

ಬಿಳಿ ಹೊಗೆಯ ಬಗ್ಗೆ ಒಂದು ಎಚ್ಚರಿಕೆ. ರೇಡಿಯೇಟರ್ ನೀರು ಇಂಜಿನ್ ಒಳಗೆ ಹೋದರೂ ಬಿಳಿ ಹೊಗೆ ಬರುತ್ತದೆ. ಅದರಲ್ಲಿ ಸ್ವಲ್ಪ ಸಿಹಿ ವಾಸನೆ ಇರುತ್ತದೆ, ರೇಡಿಯೇಟರ್ ಮಟ್ಟವೂ ಇಳಿಯುತ್ತದೆ. ಮಾಡ್ಯುಲೇಟರ್ ಪೈಪ್ ಒಣಗಿದ್ದು ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ರೀಬಿಲ್ಡ್ ಮಾಡಿಸಿ ಅಂದ ಮೆಕ್ಯಾನಿಕ್ ನಿಮಗೆ ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಈಗಿನ ಅಂಗಡಿಗಳಲ್ಲಿ ವ್ಯಾಕ್ಯೂಮ್‌ನಿಂದ ನಡೆಯುವ ಗೇರ್‌ಬಾಕ್ಸ್ ಬರುವುದೇ ಅಪರೂಪ. ಸ್ಕ್ಯಾನರ್ ಹಾಕಿ ನೋಡುವ ಅಭ್ಯಾಸ ಇರುವವರಿಗೆ ಇದು ಹೊಳೆಯುವುದಿಲ್ಲ. ಇನ್ನೊಂದು ವಿಷಯ ನೋಡಿ. ರೀಬಿಲ್ಡ್ ಮಾಡುವಾಗ ಹೊಸ ಮಾಡ್ಯುಲೇಟರ್ ಹೇಗೂ ಹಾಕುತ್ತಾರೆ. ತೊಂದರೆ ಹೋಗುತ್ತದೆ. ರೀಬಿಲ್ಡ್‌ನಿಂದಲೇ ಹೋಯಿತು ಅಂತ ಎಲ್ಲರೂ ನಂಬುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿದ್ದ, ಕಾರ್ಖಾನೆಯಲ್ಲಿ ಜೋಡಿಸಿದ ಮೂಲ ಗೇರ್‌ಬಾಕ್ಸ್ ಒಂದು ಸುಮ್ನೆ ಬಿಚ್ಚಿಹೋಗಿರುತ್ತದೆ. ನನಗೆ ಬೇಸರ ಆಗುವುದು ಅಲ್ಲಿ. ಒಮ್ಮೆ ಬಿಚ್ಚಿದ್ದನ್ನು ಅಷ್ಟೇ ಶ್ರದ್ಧೆಯಿಂದ ಮತ್ತೆ ಜೋಡಿಸುವ ಕೈಗಳು ಈಗ ಕಡಿಮೆ.

ಇನ್ನು ಆಯಿಲ್ ಮಟ್ಟ. ನೀವು ಹೇಗೆ ನೋಡುತ್ತಿದ್ದೀರಿ ಅಂತ ಬರೆದಿಲ್ಲ. ಬಹಳ ಜನ ಇಂಜಿನ್ ಆಯಿಲ್ ನೋಡಿದ ಹಾಗೆ ಗಾಡಿ ಆಫ್ ಮಾಡಿ ನೋಡುತ್ತಾರೆ. ಆಟೋಮ್ಯಾಟಿಕ್‌ನಲ್ಲಿ ಅದು ತಪ್ಪು ಲೆಕ್ಕ ಕೊಡುತ್ತದೆ. ಮಾಡ್ಯುಲೇಟರ್ ಸರಿಯಾದ ಮೇಲೆ, ಮೊದಲು ಗಾಡಿಯನ್ನು ಹತ್ತು ಹದಿನೈದು ಮೈಲಿ ಓಡಿಸಿ. ಆಯಿಲ್ 65ರಿಂದ 75 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಓಡುತ್ತಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕಾಲು ಬ್ರೇಕ್ ಮೇಲಿರಲಿ. ಸೆಲೆಕ್ಟರ್ ಅನ್ನು ಎಲ್ಲ ಸ್ಥಾನಗಳಿಗೂ ನಿಧಾನವಾಗಿ ಒಮ್ಮೆ ಸರಿಸಿ, ಪಾರ್ಕ್‌ಗೆ ತನ್ನಿ. ಈಗ ಡಿಪ್‌ಸ್ಟಿಕ್ ಎಳೆದು, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆದು ನೋಡಿ. ಎರಡು ಗುರುತುಗಳ ನಡುವೆ ಇರಬೇಕು. ಅವುಗಳ ನಡುವಿನ ಅಂತರ ಸುಮಾರು ಒಂದು ಪಿಂಟ್, ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಕಮ್ಮಿ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹಾಕಿ ನೋಡುತ್ತಾ ಹೋಗಿ.

ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಮಟ್ಟ ಏರಿದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿ ಗಾಳಿ ಇರುತ್ತದೆ, ಗಾಳಿ ಒತ್ತಡ ಕೊಡುವುದಿಲ್ಲ, ಆಯಿಲ್ ಒತ್ತಡದಿಂದ ಹಿಡಿದುಕೊಳ್ಳುವ ಒಳಗಿನ ಕ್ಲಚ್‌ಗಳು ಜಾರುತ್ತವೆ. ಕಮ್ಮಿ ಇದ್ದಾಗಲೂ ಪಂಪ್ ಗಾಳಿಯನ್ನೇ ಎಳೆಯುತ್ತದೆ, ಅಲ್ಲೂ ಜಾರುವಿಕೆ. ನಿಮ್ಮ ಗಾಡಿಯಲ್ಲಿ ಈಗ ತಡವಾಗಿ ಬೀಳುವ ಗೇರ್‌ಗಿಂತ ಕಮ್ಮಿಯಾಗುತ್ತಿರುವ ಆಯಿಲ್‌ನಿಂದಲೇ ಅಪಾಯ ಹೆಚ್ಚು. ಮಾಡ್ಯುಲೇಟರ್ ಸರಿಯಾಗುವವರೆಗೆ ಗಾಡಿ ತೆಗೆಯಲೇಬೇಡಿ.

ಒಂದು ಮಾತು, ಪಾರ್ಕ್‌ನಲ್ಲಿ ನೋಡಿ ಅಂದದ್ದು ಫೋರ್ಡ್ ಸಿ4ಗೆ. ಕ್ರೈಸ್ಲರ್ ಕಂಪನಿಯ ಟಾರ್ಕ್‌ಫ್ಲೈಟ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಗಾಡಿಯಲ್ಲಿ ನ್ಯೂಟ್ರಲ್‌ನಲ್ಲಿ ನೋಡಬೇಕು. ಬೆಂಗಳೂರು, ಮೈಸೂರಿನಲ್ಲಿ ಹಳೆಯ ಆಟೋಮ್ಯಾಟಿಕ್ ಗಾಡಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ನಮ್ಮಲ್ಲಿ ಹೆಚ್ಚಿನವರು ಅಂಬಾಸಿಡರ್, ಫಿಯಟ್‌ಗಳ ಸ್ಟೀರಿಂಗ್ ಪಕ್ಕದ ಕೈ ಗೇರ್ ನೋಡುತ್ತಾ ಬೆಳೆದವರು. ಆ ಗೇರ್‌ಬಾಕ್ಸ್‌ಗಳು ಎಂಥ ಆಯಿಲ್, ಎಷ್ಟೇ ಮಟ್ಟ ಇದ್ದರೂ ಹೇಗೋ ಸಹಿಸಿಕೊಳ್ಳುತ್ತಿದ್ದವು. ಆಟೋಮ್ಯಾಟಿಕ್ ಸಹಿಸುವುದಿಲ್ಲ.

ಡಿಪ್‌ಸ್ಟಿಕ್‌ನಲ್ಲಿ ಮಟ್ಟದ ಜೊತೆ ಬಣ್ಣ, ವಾಸನೆಯೂ ನೋಡಿ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ತಿಳಿ ಕೆಂಪು ಇದ್ದರೆ ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದಾಗಿದೆ, ಬದಲಿಸಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪದರ ಸುಡುತ್ತಿದೆ. ಹಾಲು ಬೆರೆಸಿದ ಗುಲಾಬಿ ಬಣ್ಣ ಇದ್ದರೆ ಅದು ಎಲ್ಲಕ್ಕಿಂತ ಕೆಟ್ಟದ್ದು. ಗೇರ್ ಆಯಿಲನ್ನು ತಣ್ಣಗೆ ಮಾಡುವ ಕೂಲರ್ ರೇಡಿಯೇಟರ್ ಒಳಗೇ ಇರುತ್ತದೆ. ಅದು ತೂತಾದರೆ ರೇಡಿಯೇಟರ್ ನೀರು ಗೇರ್‌ಬಾಕ್ಸ್‌ಗೆ ನುಗ್ಗುತ್ತದೆ, ಕ್ಲಚ್ ಪದರವನ್ನು ಹಿಡಿದಿರುವ ಅಂಟನ್ನು ಬಿಡಿಸುತ್ತದೆ. ಆ ಬಣ್ಣ ಕಂಡರೆ ಒಂದು ಮೈಲಿಯೂ ಓಡಿಸಬೇಡಿ.

ಯಾವ ಆಯಿಲ್ ಅನ್ನುವುದಕ್ಕೆ ನನ್ನ ಉತ್ತರ ಒಂದೇ: ಟೈಪ್ ಎಫ್. ಫೋರ್ಡ್‌ನ ಹಳೆಯ ಎಂ2ಸಿ33-ಎಫ್ ಮಟ್ಟಕ್ಕೆ ಹೊಂದುವ ಆಯಿಲ್ ಅದು, ಬಿಡಿಭಾಗಗಳ ಅಂಗಡಿಗಳಲ್ಲಿ ಈಗಲೂ ಸಿಗುತ್ತದೆ. ಡೆಕ್ಸ್ರಾನ್ ಅನ್ನುವ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಆಯಿಲ್‌ನಲ್ಲಿ ಗೇರ್ ಮೆತ್ತಗೆ ಬೀಳಲಿ ಅಂತ ಜಾರುವಿಕೆ ಹೆಚ್ಚಿಸುವ ಅಂಶ ಸೇರಿಸಿರುತ್ತಾರೆ. ಟೈಪ್ ಎಫ್‌ನಲ್ಲಿ ಅದಿಲ್ಲ. ಕ್ಲಚ್ ತಟ್ಟನೆ ಕಚ್ಚಿಕೊಳ್ಳುತ್ತದೆ. ಡೆಕ್ಸ್ರಾನ್ ಹಾಕಿದರೆ ಗಾಡಿ ಮರುದಿನವೇ ನಿಂತುಹೋಗುವುದಿಲ್ಲ. ಆದರೆ ಪ್ರತಿ ಸಲ ಗೇರ್ ಬೀಳುವಾಗ ಕ್ಲಚ್ ಸ್ವಲ್ಪ ಹೆಚ್ಚು ಹೊತ್ತು ಉಜ್ಜುತ್ತದೆ. ಎಲ್ಲ ಗಾಡಿಗೂ ಆಗುತ್ತದೆ ಅಂತ ಬರೆದುಕೊಂಡಿರುವ ಈಗಿನ ತೆಳು ಆಯಿಲ್‌ಗಳಂತೂ ಬೇಡವೇ ಬೇಡ. ಹಿಂದಿನ ಮಾಲೀಕರು ಏನು ಹಾಕಿದ್ದರು ಅಂತ ತಿಳಿಯದಿದ್ದರೆ ಒಮ್ಮೆ ಪೂರ್ತಿ ಖಾಲಿ ಮಾಡಿ ಹೊಸದಾಗಿ ಶುರು ಮಾಡಿ.

ಖಾಲಿ ಮಾಡುವುದು ಅಂದರೆ ಮಷೀನ್ ಹಾಕಿ ಫ್ಲಶ್ ಮಾಡಿಸುವುದಲ್ಲ. ಅರವತ್ತು ವರ್ಷದ ಗೇರ್‌ಬಾಕ್ಸ್‌ನ ಮೂಲೆಯಲ್ಲಿ ಕೂತ ಕೊಳೆಯನ್ನು ಒತ್ತಡದಿಂದ ಎಬ್ಬಿಸಿದರೆ ಅದು ವಾಲ್ವ್‌ಗಳ ಸಂದಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಪ್ಯಾನ್, ಅಂದರೆ ಗೇರ್‌ಬಾಕ್ಸ್‌ನ ತಳದ ಆಯಿಲ್ ತಟ್ಟೆ, ಕಳಚಿ ಇಳಿಸುವ ಹಳೆಯ ವಿಧಾನವೇ ಒಳ್ಳೆಯದು, ಯಾಕೆಂದರೆ ಅದರಲ್ಲಿ ನಿಮಗೆ ಪ್ಯಾನ್ ನೋಡಲು ಸಿಗುತ್ತದೆ. ಫ್ಲಶ್ ಮಷೀನ್ ಅದನ್ನು ತೋರಿಸುವುದಿಲ್ಲ. ಹಳೆ ಗೇರ್‌ಬಾಕ್ಸ್‌ನ ಆಯಿಲ್ ಬದಲಿಸಿದರೆ ಅದು ಸತ್ತುಹೋಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಹಾಗೆ ಸತ್ತವುಗಳಲ್ಲಿ ಹೆಚ್ಚಿನವು ಮೊದಲೇ ಕ್ಲಚ್ ಸವೆದು ಹೋಗಿದ್ದವು. ಜಾರಲು ಶುರುವಾದ ಮೇಲೆ ಮಾಲೀಕರು ಕೊನೆಯ ಪ್ರಯತ್ನ ಅಂತ ಆಯಿಲ್ ಬದಲಿಸಿರುತ್ತಾರೆ.

ನಿಮ್ಮ ಮಾಡೆಲ್‌ನಲ್ಲಿ ಆಯಿಲ್ ತುಂಬುವ ಕೊಳವೆ ಪ್ಯಾನ್‌ಗೇ ಸೇರಿಕೊಂಡಿದ್ದರೆ ಅದೇ ಡ್ರೈನ್. ಕೊಳವೆಯ ನಟ್ ಸಡಿಲಿಸಿದರೆ ಆಯಿಲ್ ಅಲ್ಲಿಂದಲೇ ಇಳಿಯುತ್ತದೆ. ಬಿಸಿಬಿಸಿ ಇದ್ದಾಗ ಕೈ ಇಡಬೇಡಿ, ಬೆಚ್ಚಗಿರುವಾಗ ಇಳಿಸಿ. ಪ್ಯಾನ್ ಇಳಿಸಿದರೆ ಅರ್ಧಕ್ಕಿಂತ ಕಮ್ಮಿ ಆಯಿಲ್ ಬರುತ್ತದೆ, ಉಳಿದದ್ದು ಇಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗಿರುತ್ತದೆ. ಆ ಕಾಲದ ಫೋರ್ಡ್ ಕನ್ವರ್ಟರ್‌ಗೆ ಡ್ರೈನ್ ಪ್ಲಗ್ ಇದೆ, ಇದು ದೊಡ್ಡ ಅನುಕೂಲ. ಕೆಳಗಿನ ಮುಚ್ಚಳ ತೆಗೆದು ಇಂಜಿನ್ ಅನ್ನು ಕೈಯಿಂದ ತಿರುಗಿಸಿದರೆ ಪ್ಲಗ್ ಕೆಳಗೆ ಬರುತ್ತದೆ. ಎಲ್ಲ ಸೇರಿ ಈ ಗೇರ್‌ಬಾಕ್ಸ್ 8ರಿಂದ 10 ಕ್ವಾರ್ಟ್ (ಒಂದು ಕ್ವಾರ್ಟ್ ಲೀಟರಿಗಿಂತ ಸ್ವಲ್ಪ ಕಮ್ಮಿ) ಹಿಡಿಯುತ್ತದೆ. ತುಂಬುವಾಗ ಮೊದಲು 5 ಕ್ವಾರ್ಟ್ ಹಾಕಿ, ಇಂಜಿನ್ ಐಡಲ್‌ನಲ್ಲಿ ಓಡಿಸಿ, ಸೆಲೆಕ್ಟರ್ ಎಲ್ಲ ಕಡೆ ಸರಿಸಿ, ಆಮೇಲೆ ಡಿಪ್‌ಸ್ಟಿಕ್ ಹೇಳಿದಷ್ಟು ಸೇರಿಸುತ್ತಾ ಹೋಗಿ. ರೇಸ್ ಮಾಡಬೇಡಿ.

ಪ್ಯಾನ್ ಕೈಗೆ ಬಂದ ಮೇಲೆ ತೊಳೆಯುವ ಆತುರ ಬೇಡ. ಮೊದಲು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ತೆಳುವಾದ ಬೂದು ಬಣ್ಣದ ಪದರ ಇದ್ದರೆ ಅದು ಸಹಜ ಸವೆತ. ಕಪ್ಪು ಮರಳಿನಂಥ ಚೂರು ಇದ್ದರೆ ಕ್ಲಚ್ ಅಥವಾ ಬ್ಯಾಂಡ್‌ನ (ಒಳಗಿನ ಡ್ರಮ್ ಸುತ್ತ ಬಿಗಿದು ಹಿಡಿಯುವ ಪಟ್ಟಿ) ಪದರ ಕಿತ್ತು ಬರುತ್ತಿದೆ. ಹಳದಿ ಹೊಳಪಿನ ಚೂರು ಬುಶ್‌ಗಳು, ವಾಶರ್‌ಗಳು ಸವೆದದ್ದು. ಅಯಸ್ಕಾಂತಕ್ಕೆ ಅಂಟುವ ದಪ್ಪ ಚೂರು ಗೇರ್ ಅಥವಾ ಬೇರಿಂಗ್‌ನದ್ದು. ಕೊನೆಯ ಮೂರರಲ್ಲಿ ಯಾವುದು ಧಾರಾಳವಾಗಿ ಕಂಡರೂ ರೀಬಿಲ್ಡ್ ಬಗ್ಗೆ ಯೋಚಿಸುವ ಸಮಯ ಬಂದಿದೆ. ಜಾಲರಿ ಫಿಲ್ಟರ್ ಬಿಚ್ಚಿ ಸ್ವಚ್ಛ ಮಾಡಿ. ಕೆಲವು ಸಿ4ಗಳಲ್ಲಿ ಫಿಲ್ಟರ್ ಬಿಚ್ಚಿದ ಕೂಡಲೇ ಒಂದು ಸಣ್ಣ ಸ್ಪ್ರಿಂಗ್, ಒಂದು ಸಣ್ಣ ವಾಲ್ವ್ ಕೆಳಗೆ ಬೀಳುತ್ತದೆ, ಕಣ್ಣಿಟ್ಟಿರಿ. ಪ್ಯಾನ್ ಅಂಚು ಹಳೆಯ ಬಿಗಿತದಿಂದ ಬಾಗಿದ್ದರೆ ಮರದ ತುಂಡಿನ ಮೇಲಿಟ್ಟು ತಟ್ಟಿ ನೇರ ಮಾಡಿ. ಬೋಲ್ಟ್‌ಗಳಿಗೆ 12ರಿಂದ 16 ಅಡಿ-ಪೌಂಡ್ (ಬಿಗಿತದ ಅಳತೆ, ಟಾರ್ಕ್ ರೆಂಚ್ ತೋರಿಸುತ್ತದೆ) ಸಾಕು. ಸೋರುತ್ತದೆ ಅಂತ ಇನ್ನೂ ಬಿಗಿದರೆ ಕಾರ್ಕ್ ಗ್ಯಾಸ್ಕೆಟ್ ಹಿಂಡಿಹೋಗಿ ಇನ್ನೂ ಜಾಸ್ತಿ ಸೋರುತ್ತದೆ.

ಆಯಿಲ್ ಬದಲಿಸುವಾಗಲೇ ಬ್ಯಾಂಡ್ ಹೊಂದಿಸಿ. ಇದು ನಿಮ್ಮ ಕಾಲದ ಗೇರ್‌ಬಾಕ್ಸ್‌ಗೆ ಇರುವ ದೊಡ್ಡ ಸೌಲಭ್ಯ. ಸವೆದಷ್ಟನ್ನು ಹೊರಗಿನಿಂದಲೇ ತಿರುಪಿ ಸರಿ ಮಾಡಬಹುದು. ಮುಂಭಾಗದ ಎಡಗಡೆ ಇರುವ ತಿರುಪು ಇಂಟರ್‌ಮೀಡಿಯೆಟ್ ಬ್ಯಾಂಡ್‌ನದ್ದು, ಹಿಂಭಾಗದ ಬಲಗಡೆಯದ್ದು ಲೋ-ರಿವರ್ಸ್ ಬ್ಯಾಂಡ್‌ನದ್ದು. ಹಳೆ ಲಾಕ್ ನಟ್ ಬಿಚ್ಚಿ ಎಸೆಯಿರಿ. ಅದರಲ್ಲೇ ಸೀಲ್ ಇರುವುದರಿಂದ ಮತ್ತೆ ಹಾಕಿದರೆ ಸೋರುತ್ತದೆ, ಪ್ರತಿ ಸಲ ಹೊಸದೇ ಬೇಕು. ತಿರುಪನ್ನು 10 ಅಡಿ-ಪೌಂಡ್‌ಗೆ ಬಿಗಿಯಿರಿ. ಆಮೇಲೆ ಇಂಟರ್‌ಮೀಡಿಯೆಟ್ ಅನ್ನು ಸರಿಯಾಗಿ 1¾ ಸುತ್ತು, ಲೋ-ರಿವರ್ಸ್ ಅನ್ನು ಸರಿಯಾಗಿ 3 ಸುತ್ತು ಹಿಂದಕ್ಕೆ ಬಿಡಿ. ತಿರುಪು ಅಲುಗದ ಹಾಗೆ ಹಿಡಿದು ನಟ್ ಅನ್ನು ಸುಮಾರು 40 ಅಡಿ-ಪೌಂಡ್‌ಗೆ ಬಿಗಿಯಿರಿ. ಈ ಸುತ್ತಿನ ಲೆಕ್ಕ ಸಿ4ಗೆ ಮಾತ್ರ. ಫೋರ್ಡ್‌ನದೇ ಇನ್ನೊಂದು ಗೇರ್‌ಬಾಕ್ಸ್ ಆದ ಸಿ6ಗೆ ಬೇರೆ, ಇತರ ಕಂಪನಿಗಳದ್ದಕ್ಕೂ ಬೇರೆ. ಅಂದಾಜಿನ ಮೇಲೆ ಮಾಡುವ ಕೆಲಸ ಇದಲ್ಲ.

ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿದರೆ ಯಾವ ಭಾಗ ಕೆಟ್ಟಿದೆ ಅಂತ ಸೀಟಿನಲ್ಲಿ ಕೂತೇ ಬಹುಪಾಲು ಹೇಳಬಹುದು. ಸಿ4ನಲ್ಲಿ ಮುಂದಕ್ಕೆ ಹೋಗುವ ಮೂರು ಗೇರ್‌ಗೂ ಫಾರ್ವರ್ಡ್ ಕ್ಲಚ್ ಬೇಕು. ಎರಡನೆಯದಕ್ಕೆ ಅದರ ಜೊತೆ ಇಂಟರ್‌ಮೀಡಿಯೆಟ್ ಬ್ಯಾಂಡ್. ಮೂರನೆಯದಕ್ಕೆ ಅದರ ಜೊತೆ ರಿವರ್ಸ್-ಹೈ ಕ್ಲಚ್. ರಿವರ್ಸ್‌ಗೆ ರಿವರ್ಸ್-ಹೈ ಕ್ಲಚ್ ಮತ್ತು ಲೋ-ರಿವರ್ಸ್ ಬ್ಯಾಂಡ್. ಈಗ ನೀವೇ ಲೆಕ್ಕ ಹಾಕಿ. ಎರಡನೆಯದು ಮಾತ್ರ ಜಾರಿದರೆ ಇಂಟರ್‌ಮೀಡಿಯೆಟ್ ಬ್ಯಾಂಡ್. ಮೂರನೆಯದೂ ರಿವರ್ಸೂ ಎರಡೂ ಜಾರಿದರೆ ರಿವರ್ಸ್-ಹೈ ಕ್ಲಚ್. ಮೂರನೆಯದು ಚೆನ್ನಾಗಿದ್ದು ರಿವರ್ಸ್ ಜಾರಿದರೆ, ಎಲ್ (ಲೋ ಗೇರ್) ಹಾಕಿ ಇಳಿಜಾರಿನಲ್ಲಿ ಬಂದಾಗ ಇಂಜಿನ್ ಹಿಡಿತವೂ ಸಿಗದಿದ್ದರೆ ಲೋ-ರಿವರ್ಸ್ ಬ್ಯಾಂಡ್. ರಿವರ್ಸ್ ಸರಿಯಿದ್ದು ಮುಂದಿನ ಎಲ್ಲವೂ ಜಾರಿದರೆ ಫಾರ್ವರ್ಡ್ ಕ್ಲಚ್. ಎಲ್ಲವೂ ಜಾರಿದರೆ ಆಯಿಲ್ ಮಟ್ಟ, ಫಿಲ್ಟರ್, ಪಂಪ್. ಈ ಲೆಕ್ಕ ಗೊತ್ತಿರುವ ಮಾಲೀಕರ ಜೊತೆ ಮೆಕ್ಯಾನಿಕ್ ಕೂಡ ಬೇರೆ ರೀತಿ ಮಾತಾಡುತ್ತಾರೆ.

ನಿಮ್ಮ 66ರ ಸೆಲೆಕ್ಟರ್‌ನಲ್ಲಿ ಡಿ ಅಕ್ಷರ ಇರುವುದಿಲ್ಲ, ಎರಡು ಚುಕ್ಕೆ ಇರುತ್ತವೆ. ದಿನನಿತ್ಯ ಓಡಿಸಬೇಕಾದದ್ದು ದೊಡ್ಡ ಹಸಿರು ಚುಕ್ಕೆಯಲ್ಲಿ. ಸಣ್ಣ ಚುಕ್ಕೆಯಲ್ಲಿಟ್ಟರೆ ಗಾಡಿ ಎರಡನೇ ಗೇರ್‌ನಿಂದಲೇ ಹೊರಡುತ್ತದೆ, ಅದು ಹಿಮದಲ್ಲಿ ಜಾರುವ ರಸ್ತೆಗೆ ಅಂತ ಮಾಡಿದ್ದು. ಇದು ಗೊತ್ತಿಲ್ಲದೆ ಸಣ್ಣ ಚುಕ್ಕೆಯಲ್ಲಿ ಓಡಿಸಿ, ಗಾಡಿ ಎಳೆಯುತ್ತಿಲ್ಲ, ಒಂದನೇ ಗೇರ್ ಹೋಗಿದೆ ಅಂತ ದೂರುವವರು ತುಂಬ ಇದ್ದಾರೆ.

ಸೆಲೆಕ್ಟರ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ರಾಡ್‌ನ ಬುಶ್ ಕಡೆಗೂ ಗಮನ ಕೊಡಿ. ಅದು ಸವೆದರೆ ಮೇಲೆ ಮುಳ್ಳು ಒಂದು ಕಡೆ, ಕೆಳಗೆ ವಾಲ್ವ್ ಇನ್ನೊಂದು ಕಡೆ. ಅರ್ಧ ತೆರೆದ ವಾಲ್ವ್‌ನಲ್ಲಿ ಒತ್ತಡ ಸೋರಿ ಕ್ಲಚ್ ಸುಡುತ್ತದೆ. ಇನ್ನೂ ದೊಡ್ಡ ಅಪಾಯ ಪಾರ್ಕ್‌ನದ್ದು. ಪೂರ್ತಿ ಕೂರದ ಪಾರ್ಕ್ ತಾನಾಗಿ ರಿವರ್ಸ್‌ಗೆ ಜಾರಬಹುದು. ಹಳೆಯ ಫೋರ್ಡ್ ಆಟೋಮ್ಯಾಟಿಕ್‌ಗಳಲ್ಲಿ ಈ ದೂರು ಎಷ್ಟು ಬೆಳೆಯಿತೆಂದರೆ, 1980ರಲ್ಲಿ ಅಮೆರಿಕ ಸರ್ಕಾರದ ಜೊತೆ ಆದ ಒಪ್ಪಂದದಂತೆ ಕಂಪನಿ 2 ಕೋಟಿಗೂ ಹೆಚ್ಚು ಗಾಡಿಗಳ ಮಾಲೀಕರಿಗೆ ಎಚ್ಚರಿಕೆಯ ಸ್ಟಿಕ್ಕರ್ ಕಳುಹಿಸಬೇಕಾಯಿತು. ಇಳಿಯುವ ಮುನ್ನ ಪ್ರತಿ ಸಲ ಹ್ಯಾಂಡ್‌ಬ್ರೇಕ್ ಎಳೆಯಿರಿ, ಇಂಜಿನ್ ಓಡುತ್ತಿರುವಾಗ ಗಾಡಿಯ ಹಿಂದೆ ಮುಂದೆ ನಿಲ್ಲಬೇಡಿ. ಸ್ಟಾರ್ಟರ್ ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ತಿರುಗುತ್ತದೆಯೇ ಅಂತಲೂ ಬ್ರೇಕ್ ಒತ್ತಿ ಹಿಡಿದು ಪರೀಕ್ಷಿಸಿ.

ಓಹಾಯೋದ ಚಳಿಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ ಅಲ್ವಾ? ಹಾಗೆ ನಿಂತಾಗ ಕನ್ವರ್ಟರ್‌ನಲ್ಲಿದ್ದ ಆಯಿಲ್ ನಿಧಾನವಾಗಿ ಪ್ಯಾನ್‌ಗೆ ಇಳಿಯುತ್ತದೆ. ಮಟ್ಟ ಏರಿ, ಪಕ್ಕದಲ್ಲಿರುವ ಗೇರ್ ಲಿವರ್ ಶಾಫ್ಟ್‌ನ ಸೀಲ್ ಮುಳುಗುತ್ತದೆ, ಅಲ್ಲಿಂದ ಸೋರುತ್ತದೆ. ಓಡಿಸುವಾಗ ಇಲ್ಲದ ಸೋರಿಕೆ ನಿಂತಾಗ ಶುರುವಾಗುವುದು ಇದಕ್ಕೇ. ಈ ಸೀಲ್ ಅನ್ನು ಗೇರ್‌ಬಾಕ್ಸ್ ಇಳಿಸದೆಯೇ ಬದಲಿಸಬಹುದು. ವಸಂತದಲ್ಲಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಕನ್ವರ್ಟರ್ ತುಂಬಿಕೊಳ್ಳಲಿ. ಆಗ ಗೇರ್ ಹಾಕಿದರೆ ತಡವಾಗಿ ಹಿಡಿದರೂ ಅದೊಂದರಿಂದಲೇ ಹೆದರಬೇಡಿ. ಬಿಸಿಯಾದ ಮೇಲೂ ತಡವಾದರೆ ಒಳಗಿನ ರಬ್ಬರ್ ಸೀಲ್‌ಗಳು ಗಟ್ಟಿಯಾಗಿರಬಹುದು. ಚಳಿಗಾಲದಲ್ಲಿ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಪ್ರಯೋಜನ ಇಲ್ಲ. ಆಯಿಲ್ ಬಿಸಿಯಾಗುವಷ್ಟು ಓಡಿಸಿ, ಇಲ್ಲವೇ ಸುಮ್ನೆ ಬಿಡಿ.

ಗಾಡಿ ಎಲ್ಲಾದರೂ ನಿಂತರೆ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿ4ನಲ್ಲಿ ಹಿಂದಿನ ಪಂಪ್ ಇಲ್ಲ, ಇಂಜಿನ್ ತಿರುಗದೆ ಒತ್ತಡ ಬರುವುದಿಲ್ಲ. ಅದೇ ಕಾರಣಕ್ಕೆ ಹಿಂದಿನ ಚಕ್ರ ನೆಲದ ಮೇಲಿಟ್ಟು ದೂರ ಎಳೆಸಬೇಡಿ. ಒಳಗೆ ಎಲ್ಲ ತಿರುಗುತ್ತಿರುತ್ತದೆ, ಒಂದು ಹನಿ ಆಯಿಲ್ ಸಿಗುವುದಿಲ್ಲ. ಟ್ರೇಲರ್ ಮೇಲೆ ಹಾಕಿಸಿ.

ಮುಂದೆ ಏನೇನು ನೋಡಿಕೊಳ್ಳಬೇಕು ಅಂತ ಕೇಳಿದಿರಿ. ಓಡಿಸುವ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ. ವರ್ಷಕ್ಕೊಮ್ಮೆ ಕೆಳಗೆ ಹೋಗಿ ಕೂಲರ್‌ನ ಸ್ಟೀಲ್ ಪೈಪ್‌ಗಳು, ವ್ಯಾಕ್ಯೂಮ್ ರಬ್ಬರ್, ಲಿಂಕೇಜ್ ಬುಶ್ ನೋಡಿ. ನಿಮ್ಮಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಸ್ಟೀಲ್ ಪೈಪ್ ಬೇಗ ತುಕ್ಕು ಹಿಡಿಯುತ್ತದೆ. ಕಮ್ಮಿ ಓಡುವ ಗಾಡಿಗೆ ಎರಡು ಮೂರು ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್, ಬ್ಯಾಂಡ್ ಮೂರನ್ನೂ ಒಟ್ಟಿಗೆ ಮಾಡಿ. ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ಜಾಸ್ತಿ ನಿಲ್ಲುವುದಿದ್ದರೆ ರೇಡಿಯೇಟರ್ ಮುಂದೆ ಒಂದು ಹೆಚ್ಚುವರಿ ಕೂಲರ್ ಹಾಕಿಸಿ. ಆಟೋಮ್ಯಾಟಿಕ್‌ಗಳನ್ನು ಕೊಲ್ಲುವುದು ಮೈಲಿಗಿಂತ ಹೆಚ್ಚಾಗಿ ಶಾಖ.

ಈ ವಾರ ಮಾಡ್ಯುಲೇಟರ್ ಪೈಪ್ ಕಳಚಿ ನೋಡಿ. ಅಲ್ಲಿ ಆಯಿಲ್ ಸಿಗದೆ, ವ್ಯಾಕ್ಯೂಮ್, ಮಟ್ಟ, ಬ್ಯಾಂಡ್ ಎಲ್ಲ ಸರಿ ಇದ್ದೂ ತೊಂದರೆ ಉಳಿದರೆ ಮುಂದಿನ ಹೆಜ್ಜೆ ಪ್ರೆಶರ್ ಟೆಸ್ಟ್. ಗೇರ್‌ಬಾಕ್ಸ್‌ನ ಪಕ್ಕದಲ್ಲಿರುವ ಪ್ಲಗ್ ತೆಗೆದು ಗೇಜ್ ಹಾಕಿ, ವ್ಯಾಕ್ಯೂಮ್ ಪೈಪ್ ಸಿಕ್ಕಿಸಿ ಒಮ್ಮೆ, ಕಳಚಿ ತುದಿ ಮುಚ್ಚಿ ಒಮ್ಮೆ ಓದಬೇಕು. ಕಳಚಿದಾಗ ಒತ್ತಡ ಸ್ಪಷ್ಟವಾಗಿ ಏರಬೇಕು. ಈ ಟೆಸ್ಟ್ ಮಾಡದೆ ರೀಬಿಲ್ಡ್ ಹೇಳುವ ಅಂಗಡಿಗೆ ಗಾಡಿ ಕೊಡಬೇಡಿ. ಕೊನೆಗೆ ಬಿಚ್ಚಿಸಲೇಬೇಕಾದರೆ ಎಲ್ಲ ಸೀಲ್, ಕ್ಲಚ್ ಪ್ಲೇಟ್, ಬ್ಯಾಂಡ್‌ಗಳ ಜೊತೆ ಬುಶ್‌ಗಳನ್ನೂ ಬದಲಿಸುತ್ತಾರೆಯೇ, ಕನ್ವರ್ಟರ್ ಮತ್ತು ಕೂಲರ್ ಪೈಪ್ ಸ್ವಚ್ಛ ಮಾಡುತ್ತಾರೆಯೇ ಅಂತ ಮೊದಲೇ ಕೇಳಿ, ಬರೆದುಕೊಡಲು ಹೇಳಿ. ಕಳಚಿದ ಹಳೆಯ ಭಾಗಗಳನ್ನೂ ವಾಪಸ್ ಕೇಳಿ ತೆಗೆದುಕೊಳ್ಳಿ.